ಪ್ರೌಢಶಾಲೆಯ ಹೊಸಿಲಲ್ಲಿ



ನಿಮ್ಮ ಮನೆಯಲ್ಲಿ ಹನ್ನೆರಡು ಹದಿಮೂರು ವರ್ಷದ ಮಗುವೊಂದು ಇದ್ದರೆ ಈ ಮಾತು ಬೇಗ ಅರ್ಥವಾಗುತ್ತದೆ. ನಿನ್ನೆಯವರೆಗೆ ಅಮ್ಮನ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗ ಇಂದು ನೆಂಟರ ಮುಂದೆ ಮುದ್ದು ಹೆಸರಿನಿಂದ ಕರೆದರೆ ಮುಖ ಗಂಟು ಹಾಕುತ್ತಾನೆ. ಬಾಯಿ ತುಂಬ ಮಾತಾಡುತ್ತಿದ್ದ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಮಕ್ಕಳೆನ್ನೋಣವೆಂದರೆ ಮಕ್ಕಳಲ್ಲ, ದೊಡ್ಡವರೆನ್ನೋಣವೆಂದರೆ ದೊಡ್ಡವರಲ್ಲ. ಇಂಥ ಮಕ್ಕಳು ನಲವತ್ತು ಐವತ್ತು ಮಂದಿ ಒಂದೇ ಕೋಣೆಯಲ್ಲಿ ಕುಳಿತಿರುವಾಗ ಅವರಿಗೆ ಪಾಠ ಹೇಳುವುದು ಹೇಗೆ? ಮನಶ್ಶಾಸ್ತ್ರ ಬಲ್ಲವರು ಇದಕ್ಕೆ ಉತ್ತರ ಹೇಳಿದ್ದಾರೆ, ಹೇಳುತ್ತಲೂ ಇದ್ದಾರೆ. ಈ ಲೇಖನದಲ್ಲಿ ನಾನು ನಿಮ್ಮನ್ನು ಬೇರೊಂದು ಕಡೆಗೆ ಕರೆದೊಯ್ಯಬೇಕೆಂದಿದ್ದೇನೆ. ಕನ್ನಡ ನಾಡಿನ ಶಾಲೆಗಳು ಈ ವಯಸ್ಸಿನವರನ್ನು ಕಳೆದ ಇನ್ನೂರು ವರ್ಷಗಳಲ್ಲಿ ಹೇಗೆ ನಡೆಸಿಕೊಂಡವು, ಯಾರನ್ನು ಉಳಿಸಿಕೊಂಡವು, ಯಾರನ್ನು ಬಾಗಿಲಿನಿಂದ ಆಚೆಗೆ ಕಳಿಸಿದವು ಎಂಬುದನ್ನು ನೋಡೋಣ.

ನಮ್ಮ ಹಿರಿಯರಿಗೆ ಈ ವಯಸ್ಸಿನ ಪರಿಚಯವಿರಲಿಲ್ಲ ಎಂದಲ್ಲ. ಐದರವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ ಎಂದು ಸಂಸ್ಕೃತದಲ್ಲಿ ವಿಂಗಡಣೆಯೇ ಇದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ವಿಶೇಷ ಗಮನ ಸಿಕ್ಕಿತೆಂದು ಹೇಳಲಾಗದು. ಮಗನನ್ನು ಐದು ವರ್ಷ ಮುದ್ದಿಸಬೇಕು, ಮುಂದಿನ ಹತ್ತು ವರ್ಷ ದಂಡಿಸಬೇಕು, ಹದಿನಾರಾದ ಮೇಲೆ ಗೆಳೆಯನಂತೆ ಕಾಣಬೇಕು ಎಂಬ ಅರ್ಥದ ನೀತಿಮಾತನ್ನು ನೀವು ಕೇಳಿರುತ್ತೀರಿ. ಲೆಕ್ಕ ಹಾಕಿ ನೋಡಿ: ಹನ್ನೆರಡು ಹದಿಮೂರರ ಹುಡುಗ ಬರುವುದು ದಂಡನೆಯ ಪಾಲಿಗೆ. ಆರು ವರ್ಷದ ಕೂಸಿಗೂ ಹದಿನಾಲ್ಕರ ಹುಡುಗನಿಗೂ ಒಂದೇ ಬೆತ್ತ. ಇನ್ನು ಆ ಮಾತಿನಲ್ಲಿ ಮಗಳ ಪ್ರಸ್ತಾಪವೇ ಇಲ್ಲ.

ಹಳೆಯ ಶಾಲೆಗಳ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ತಿಳಿಯಲು ನಮಗೊಂದು ಒಳ್ಳೆಯ ದಾಖಲೆ ಇದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ಉತ್ತರ ಬರಿಯ ಅಂಕಿ ಅಂಶದ ಪಟ್ಟಿಯಲ್ಲ, ಶಾಲೆಯೊಂದರ ದಿನಚರಿಯೇ ಅದರಲ್ಲಿದೆ. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಿಕ್ಕವು ಮರಾಠಿ, ಪಾರಸಿ, ತಮಿಳು, ಸಂಸ್ಕೃತ ಶಾಲೆಗಳು, ಮತ್ತು ಒಂದೇ ಒಂದು ಇಂಗ್ಲಿಷ್ ಶಾಲೆ. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯಲ್ಲಿ ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು 60.

ಆ ಶಾಲೆಯ ಬೆಳಗನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಆರು ಗಂಟೆಗೆ ಶಾಲೆ ಆರಂಭ. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಕೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತದೆ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಾರೆ, ಆಮೇಲೆ ಕಡತದ ಮೇಲೆ ಬಳಪದಿಂದ ಬರೆಯುತ್ತಾರೆ, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯುತ್ತಾರೆ. ಸೋಮಾರಿಗಳಿಗೆ ಏಟು ಬೀಳುತ್ತದೆ. ಇಲ್ಲವೇ ಎರಡೂ ಕೈ ಕಟ್ಟಿ ಹಗ್ಗದಿಂದ ಸೂರಿಗೆ ತೂಗುಹಾಕುತ್ತಾರೆ. ಇಲ್ಲವೇ ಬಿಡುವಿಲ್ಲದೆ ಬಸ್ಕಿ ಹೊಡೆಸುತ್ತಾರೆ. ನಮ್ಮ ಅಜ್ಜಂದಿರು ಕೋದಂಡ ಎನ್ನುತ್ತಿದ್ದ ಶಿಕ್ಷೆ ಇದೇ. ಕೂಲಿಮಠದ ಐಗಳ ಬಗ್ಗೆ ಹಳ್ಳಿಗಳಲ್ಲಿ ಉಳಿದ ಕಥೆಗಳಲ್ಲಿ ಕೋದಂಡವಿಲ್ಲದ ಕಥೆ ಅಪರೂಪ.

ಕ್ಯಾಂಪ್‌ಬೆಲ್ ಮುಖ್ಯವಾದ ಎರಡು ಸಂಗತಿಗಳನ್ನು ಹೇಳುತ್ತಾನೆ. ಒಂದು, ಮಕ್ಕಳು ಆಡುಮಾತಿಗೆ ದೂರವಾದ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, ಅರ್ಥ ತಿಳಿಯುವುದಿಲ್ಲ. ಎರಡು, ಬಡವರು ಮಕ್ಕಳ ಕೈಕಾಲು ಸ್ವಲ್ಪ ಗಟ್ಟಿಯಾಗುತ್ತಲೇ ಅವರನ್ನು ದುಡಿಮೆಗೆ ಎಳೆದುಕೊಳ್ಳುತ್ತಾರೆ. ಎರಡನೆಯ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು. ಯಾವ ವಯಸ್ಸಿಗೆ ಹುಡುಗ ಅರ್ಥ ಕೇಳಲು ತೊಡಗುತ್ತಾನೋ ಅದೇ ವಯಸ್ಸಿಗೆ ಅವನು ನೊಗ ಹೊರುವ ಹಾಗೂ ಆಗುತ್ತಾನೆ. ಶಾಲೆಗೂ ಹೊಲಕ್ಕೂ ನಡುವಣ ಈ ಜಗ್ಗಾಟ ಬಳ್ಳಾರಿ ಜಿಲ್ಲೆಗೆ ಮಾತ್ರ ಸೇರಿದ್ದಲ್ಲ.

ಹಳೆಯ ಮಠದ ಶಾಲೆಯಲ್ಲಿ ಒಂದು ಗುಣವೂ ಇತ್ತು. ವಯಸ್ಸಿಗೆ ಒಂದು ತರಗತಿ ಎಂಬ ಪದ್ಧತಿ ಅಲ್ಲಿರಲಿಲ್ಲ. ಕಲಿತಷ್ಟಕ್ಕೆ ತಕ್ಕ ಗುಂಪು. ಮುಂದೆ ಹೋದ ದೊಡ್ಡ ಹುಡುಗರು ಹಿಂದಿರುವ ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಹನ್ನೆರಡರ ಹುಡುಗ ಅಲ್ಲಿ ಬರಿಯ ಕೇಳುಗನಲ್ಲ, ಅವನಿಗೊಂದು ಹೊಣೆ ಇತ್ತು. ಈ ವಯಸ್ಸಿನವರಿಗೆ ಜವಾಬ್ದಾರಿ ಕೊಟ್ಟು ನೋಡಿ ಎಂದು ಇಂದಿನ ತಜ್ಞರು ಹೇಳುವುದನ್ನು ಆ ಐಗಳು ತನ್ನ ಅನುಕೂಲಕ್ಕಾಗಿಯೇ ಮಾಡುತ್ತಿದ್ದ. ಹಾಗೆಂದು ಕೋದಂಡವನ್ನು ಮರೆತು ಆ ಕಾಲವನ್ನು ಕೊಂಡಾಡಲು ನನಗೆ ಮನಸ್ಸಿಲ್ಲ.

1854ರಲ್ಲಿ ವುಡ್ ಎಂಬ ಅಧಿಕಾರಿಯ ನಿರೂಪ ಬಂದ ಮೇಲೆ ಸರ್ಕಾರವೇ ಶಾಲೆಗಳ ಕೆಲಸಕ್ಕೆ ಕೈಹಾಕಿತು. ಮುಂಬಯಿಯಲ್ಲಿ 1855ರಲ್ಲಿ, ಮೈಸೂರಿನಲ್ಲಿ 1857ರಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು. ಶಾಸನಗಳ ಸಂಪಾದಕರೆಂದು ನಾವು ಬಲ್ಲ ಬಿ. ಎಲ್. ರೈಸ್ ಅವರು 1868ರಲ್ಲಿ ಮೈಸೂರಿನಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ಊರಿನವರು ಕೋಣೆ ಒದಗಿಸಿದರೆ ಸರ್ಕಾರ ಮೇಷ್ಟರನ್ನು ಕೊಡುತ್ತಿತ್ತು. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿಯ ನೆರಳಿನಲ್ಲಿದ್ದ ಶಾಲೆಗಳಲ್ಲಿ ಕನ್ನಡವನ್ನು ಮತ್ತೆ ಕೂರಿಸಿದರು. ಈ ಕಥೆ ನಿಮಗೆ ಚೆನ್ನಾಗಿ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಅದೇ ಧಾರವಾಡದ ಇನ್ನೊಂದು ಕಥೆ ಅಷ್ಟು ಪ್ರಚಾರದಲ್ಲಿಲ್ಲ. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಹುಡುಗನ ಪರವಾಗಿ ಸರ್ಕಾರಕ್ಕೆ ಅರ್ಜಿ ಬಂತು. ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಮುಂಬಯಿ ಸರ್ಕಾರ ಕೊಟ್ಟ ಉತ್ತರದ ತಾತ್ಪರ್ಯ ಹೀಗಿತ್ತು: ನ್ಯಾಯ ಅವನ ಕಡೆ ಇದೆ, ಆದರೆ ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋದಾರು. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಲಿ, ಸರ್ಕಾರದ ಹಣದಿಂದ ನಡೆಯುವ ಶಾಲೆ ಎಲ್ಲರಿಗೂ ತೆರೆದಿರಬೇಕೆಂದು ಹೇಳಿತು. 1882ರ ಹಂಟರ್ ಆಯೋಗವೂ ಆ ಮಾತನ್ನು ಎತ್ತಿಹಿಡಿಯಿತು. ಕಾಗದದ ಮೇಲಿನ ಮಾತು ಧಾರವಾಡದ ಜಗುಲಿಯವರೆಗೆ ನಡೆದು ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ತನಗೆ ಶಾಲೆ ಬೇಕೆಂದು ಸರ್ಕಾರದ ಬಾಗಿಲು ತಟ್ಟುವಷ್ಟು ದೂರ ಹೋದ ಆ ಹುಡುಗನಿಗೆ ಸಿಕ್ಕಿದ್ದು ಒಂದು ಸಮಜಾಯಿಷಿ.

ಇಲಾಖೆ ಬಂದ ಮೇಲೆ ತರಗತಿಗಳು ಬಂದವು, ತರಗತಿಗಳ ಕೊನೆಗೆ ಪರೀಕ್ಷೆ ಬಂತು. ಹನ್ನೊಂದರಿಂದ ಹದಿನಾಲ್ಕರ ಮಕ್ಕಳ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಪರೀಕ್ಷೆಗಳ ಚರಿತ್ರೆಯೇ. ಮುಂಬಯಿ ಕರ್ನಾಟಕದಲ್ಲಿ ಏಳನೆಯ ಇಯತ್ತೆ ಮುಗಿಸಿದವರು ಮುಲ್ಕಿ ಪರೀಕ್ಷೆಗೆ ಕೂರುತ್ತಿದ್ದರು. (ಇದಕ್ಕೂ ದಕ್ಷಿಣ ಕನ್ನಡದ ಮೂಲ್ಕಿ ಊರಿಗೂ ಸಂಬಂಧವಿಲ್ಲ. ಮುಲ್ಕಿ ಎಂದರೆ ಮುಲ್ಕಿಗೆ, ಅಂದರೆ ಸೀಮೆಯ ಆಡಳಿತಕ್ಕೆ, ಕಂದಾಯದ ಕೆಲಸಕ್ಕೆ ಸಂಬಂಧಪಟ್ಟದ್ದು.) ಹಳೆಯ ಮೈಸೂರಿನಲ್ಲಿ ಲೋಯರ್ ಸೆಕೆಂಡರಿ, ಜನರ ಬಾಯಲ್ಲಿ ಎಲ್.ಎಸ್.; ಅದರಲ್ಲೂ ಕನ್ನಡ ಎಲ್.ಎಸ್. ಬೇರೆ, ಇಂಗ್ಲಿಷ್ ಕಲಿಸುತ್ತಿದ್ದ ಎ.ವಿ. ಸ್ಕೂಲಿನ ದಾರಿ ಬೇರೆ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಲ್ಲಿ ಫಸ್ಟ್ ಫಾರಂ, ಸೆಕೆಂಡ್ ಫಾರಂ ಎಂಬ ಲೆಕ್ಕ ಒಂದು ಕಡೆ, ಎಂಟನೆಯ ತರಗತಿಯ ಇ.ಎಸ್.ಎಲ್.ಸಿ. ಇನ್ನೊಂದು ಕಡೆ. ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಲಬುರ್ಗಿ, ರಾಯಚೂರು, ಬೀದರ ಸೀಮೆಯ ಕನ್ನಡದ ಮಕ್ಕಳಿಗಂತೂ ಈ ಹಂತದಲ್ಲಿ ಉರ್ದು ಎದುರಾಗುತ್ತಿತ್ತು. ಮನೆಯ ಮಾತು ಒಂದು, ಭೂಗೋಳದ ಪಾಠ ಇನ್ನೊಂದು ಮಾತಿನಲ್ಲಿ.

ಈ ಪರೀಕ್ಷೆಗಳಿಗೆ ಸಮಾಜದಲ್ಲಿ ಎಷ್ಟು ಬೆಲೆ ಇತ್ತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಮುಲ್ಕಿ ಪಾಸಾದವನು ತಲಾಠಿಯಾಗಬಹುದು, ಕನ್ನಡ ಶಾಲೆಯ ಮಾಸ್ತರನಾಗಬಹುದು. ಎಲ್.ಎಸ್. ಮುಗಿಸಿದವನಿಗೆ ಮೈಸೂರಿನಲ್ಲೂ ಅಂಥದೇ ಬಾಗಿಲು. ಆದ್ದರಿಂದ ಊರಿನಲ್ಲಿ ಆ ಹುಡುಗನಿಗೆ ಮರ್ಯಾದೆ. ವಧುವಿನ ಕಡೆಯವರೂ ವಿಚಾರಿಸಿಕೊಂಡು ಬರುತ್ತಿದ್ದರು. ಒಂದು ವಿಚಿತ್ರವನ್ನು ನೀವು ಇಲ್ಲಿ ಗಮನಿಸಬೇಕು. ಹದಿನಾಲ್ಕು ಹದಿನೈದಕ್ಕೆ ಪರೀಕ್ಷೆ ಮುಗಿಸಿದ ಹುಡುಗ ಇನ್ನೂ ಮೀಸೆ ಮೂಡುವ ಮೊದಲೇ ಕಲಿಯುವ ಕಡೆಯಿಂದ ಕಲಿಸುವ ಕಡೆಗೆ ದಾಟಲು ಹೊರಡುತ್ತಿದ್ದ. ಹರೆಯ ಎಂಬುದು ಅವನಿಗೆ ಒಂದು ಅವಸ್ಥೆಯಾಗಿ ಬರಲೇ ಇಲ್ಲ. ನಿನ್ನೆ ಹುಡುಗ, ಇಂದು ಪೇಟ ಸುತ್ತಿದ ಮಾಸ್ತರ. ಅವನು ತನ್ನ ಗುರುಗಳಿಂದ ಏನು ಕಂಡಿದ್ದನೋ ಅದನ್ನೇ, ಬೆತ್ತವೂ ಸೇರಿದಂತೆ, ಮುಂದಿನವರಿಗೆ ಕೊಟ್ಟ. ನಾರ್ಮಲ್ ಸ್ಕೂಲುಗಳು ಇದ್ದುವು ನಿಜ, ಎಲ್ಲರಿಗೂ ಅಲ್ಲಿಗೆ ಹೋಗುವ ಭಾಗ್ಯವಿರಲಿಲ್ಲ.

ಪರೀಕ್ಷೆಗಿಂತ ಮುಂಚೆ ಇನ್ನೊಂದು ಕಷ್ಟ. ಊರ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಮಿಡ್ಲ್ ಸ್ಕೂಲು ಇದ್ದದ್ದು ಹೋಬಳಿಯಲ್ಲೋ ತಾಲ್ಲೂಕು ಕಸಬೆಯಲ್ಲೋ. ಹತ್ತು ಹನ್ನೊಂದು ವರ್ಷದ ಹುಡುಗ ಓದಬೇಕೆಂದರೆ ಮನೆ ಬಿಡಬೇಕು. ಬ್ರಾಹ್ಮಣ ಹುಡುಗರಿಗೆ ವಾರಾನ್ನದ ದಾರಿ ಇತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಊಟದ ಋಣವನ್ನು ಕೃತಜ್ಞತೆಯಿಂದ ನೆನೆದವರುಂಟು. ಎಲೆಯ ಮುಂದೆ ಕಾದು ಕುಳಿತ ಅವಮಾನವನ್ನು ಮುಪ್ಪಿನವರೆಗೂ ಮರೆಯದವರೂ ಉಂಟು. ಉಳಿದ ಜಾತಿಯ ಮಕ್ಕಳಿಗೆ ಆ ದಾರಿಯೂ ಇಲ್ಲದಿದ್ದಾಗ ಮಠಗಳೂ ಜನಾಂಗದ ಸಂಘಗಳೂ ಉಚಿತ ಪ್ರಸಾದ ನಿಲಯಗಳನ್ನು, ಹಾಸ್ಟೆಲುಗಳನ್ನು ತೆರೆದವು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ನಿಮಗೆ ಒಡನೆ ನೆನಪಿಗೆ ಬರುವ ಹೆಸರುಗಳು. ನಮ್ಮ ಶಿಕ್ಷಣದ ಚರಿತ್ರೆ ಬರೆಯುವವರು ಶಾಲೆಗಳ ಪಟ್ಟಿಯನ್ನು ಕೊಡುತ್ತಾರೆ, ಅಡುಗೆಮನೆಗಳ ಪಟ್ಟಿಯನ್ನು ಕೊಡುವುದಿಲ್ಲ. ಕನ್ನಡ ನಾಡಿನಲ್ಲಿ ಮಿಡ್ಲ್ ಸ್ಕೂಲು ನಿಂತದ್ದು ಸರ್ಕಾರದ ಗ್ರಾಂಟಿನ ಮೇಲೆ ಎಷ್ಟೋ, ಈ ಅನ್ನದ ಮೇಲೆ ಅಷ್ಟೇ ಎಂಬುದು ನನ್ನ ನಂಬಿಕೆ.

ಮಲೆನಾಡಿನಲ್ಲಿ ದೂರ ಇನ್ನೂ ಹೆಚ್ಚು. 1904ರಲ್ಲಿ ಹುಟ್ಟಿದ ಕುವೆಂಪು ಅವರಿಗೆ ಮೊದಲ ಪಾಠ ಕುಪ್ಪಳಿಯ ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಕರೆಸಿದ ಐಗಳಿಂದ ಆಯಿತು. ಆಮೇಲೆ ತೀರ್ಥಹಳ್ಳಿಯ ಎ.ವಿ. ಸ್ಕೂಲು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಮುಂದೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು. ತಂದೆಯಿಲ್ಲದ ಒಬ್ಬ ಹುಡುಗ ತೀರ್ಥಹಳ್ಳಿಯಲ್ಲೇ ಓದು ನಿಲ್ಲಿಸಿ ಮನೆಯ ಗದ್ದೆ ತೋಟ ನೋಡಿಕೊಳ್ಳಲು ಹಿಂತಿರುಗಿದ್ದರೆ ಅಂದಿನ ಮಲೆನಾಡಿನಲ್ಲಿ ಯಾರೂ ಅಚ್ಚರಿಪಡುತ್ತಿರಲಿಲ್ಲ. ಹಾಗೆ ಹಿಂತಿರುಗಿದ ಹುಡುಗರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ಇಷ್ಟು ಹೊತ್ತು ಹುಡುಗ, ಹುಡುಗ ಎಂದೇ ಹೇಳುತ್ತ ಬಂದೆ. ಅದು ನನ್ನ ಅಚಾತುರ್ಯವಲ್ಲ. ಹೆಣ್ಣುಮಗಳಿಗೆ ವಾರಾನ್ನವಿರಲಿಲ್ಲ, ಪ್ರಸಾದ ನಿಲಯವಿರಲಿಲ್ಲ. ಮನೆ ಬಿಟ್ಟು ಕಸಬೆಗೆ ಹೋಗುವ ಮಾತೇ ಇರಲಿಲ್ಲ. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ಹುಡುಗಿಯರ ಶಾಲೆ ತೆರೆದಾಗ, ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆದ ಶಾಲೆ ಅದು, ಅವರ ಮುಂದಿದ್ದ ದೊಡ್ಡ ತೊಡಕು ಹುಡುಗಿಯರನ್ನು ಸೇರಿಸುವುದಲ್ಲ, ಅವರನ್ನು ಹತ್ತು ಹನ್ನೊಂದರ ಮೇಲೆ ಉಳಿಸಿಕೊಳ್ಳುವುದು. ಆ ವಯಸ್ಸಿಗೆ ಮದುವೆಯಾಗಿಬಿಡುತ್ತಿತ್ತು. ಮದುವೆಯಾಗಿ ತವರಿನಲ್ಲಿದ್ದವಳು ಮೈನೆರೆದೊಡನೆ ಗಂಡನ ಮನೆಗೆ. ಶಾಸನ ತೀರ ಮೆಲ್ಲಗೆ ಹೆಜ್ಜೆ ಇಟ್ಟಿತು. 1894ರಲ್ಲಿ ಮೈಸೂರು ಸಂಸ್ಥಾನ ತಂದ ಕಾನೂನು ನಿಷೇಧಿಸಿದ್ದು ಎಂಟು ವರ್ಷಕ್ಕೆ ಕೆಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಜೊತೆಗೆ ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕೆ ಕೆಳಗಿನ ಹುಡುಗಿಯನ್ನು ಮದುವೆಯಾಗುವುದನ್ನು. ಅಂದಿಗೆ ಅದೇ ದೊಡ್ಡ ಸಾಹಸವೆನಿಸಿತು, ವಿರೋಧವೂ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ ಹದಿನಾಲ್ಕು ಎಂಬ ಗಡಿ ಬಂದದ್ದು 1929ರ ಶಾರದಾ ಕಾಯಿದೆಯಿಂದ. ಕಾನೂನಿನ ಈ ಅಂಕಿಗಳನ್ನು ಶಾಲೆಯ ತರಗತಿಗಳಿಗೆ ಹೊಂದಿಸಿ ನೋಡಿ. ಎಂಟು ಎಂದರೆ ಮೂರನೆಯ ತರಗತಿ. ಹದಿನಾಲ್ಕು ಎಂದರೆ ಎಂಟು ಒಂಬತ್ತನೆಯ ತರಗತಿ. ನಾವಿಂದು ಮಾತಾಡುತ್ತಿರುವ ವಯಸ್ಸು ಸರಿಯಾಗಿ ಈ ಎರಡರ ನಡುವೆ ಸಿಕ್ಕಿಬಿದ್ದಿದೆ.

ನಂಜನಗೂಡು ತಿರುಮಲಾಂಬಾ ಅವರ ಬದುಕು ಇದಕ್ಕೊಂದು ಸಾಕ್ಷಿ. 1887ರಲ್ಲಿ ಹುಟ್ಟಿದ ಅವರಿಗೆ ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಶಾಲೆ ಅವರಿಗೆ ಮುಚ್ಚಿಹೋಗಿತ್ತು. ತಂದೆ ಮನೆಯಲ್ಲೇ ಓದಿಸಿದರು. ಮುಂದೆ ಅವರು 'ಸತೀಹಿತೈಷಿಣೀ' ಗ್ರಂಥಮಾಲೆ ನಡೆಸಿದ್ದು, 'ಕರ್ನಾಟಕ ನಂದಿನಿ' ಪತ್ರಿಕೆ ತಂದದ್ದು ನಮ್ಮ ಸಾಹಿತ್ಯ ಚರಿತ್ರೆಗೆ ಸೇರಿದ ವಿಷಯ. ನನ್ನ ಕಣ್ಣು ನಿಲ್ಲುವುದು ಆ ನಡುಮನೆಯ ಮೇಲೆ. ಹದಿನಾಲ್ಕರ ಮಗಳೊಬ್ಬಳು ಲೋಕದಿಂದ ಒಳಗೆ ಸರಿಸಲ್ಪಟ್ಟ ಹೊತ್ತಿನಲ್ಲಿ ಒಬ್ಬ ತಂದೆ ಅವಳ ಮುಂದೆ ಪುಸ್ತಕ ತೆರೆದಿಟ್ಟ. ಆ ಕಾಲದಲ್ಲಿ ಎಷ್ಟು ತಂದೆಯರಿಗೆ ಹಾಗೆ ತೋಚೀತು?

ಇತ್ತ ನಮ್ಮಲ್ಲಿ ಇದು ನಡೆಯುತ್ತಿರುವಾಗ ಅಮೆರಿಕದಲ್ಲಿ ಸ್ಟ್ಯಾನ್ಲಿ ಹಾಲ್ ಎಂಬ ಮನಶ್ಶಾಸ್ತ್ರಜ್ಞ 1904ರಲ್ಲಿ ಹರೆಯದ ಬಗ್ಗೆಯೇ ಎರಡು ದಪ್ಪ ಸಂಪುಟಗಳನ್ನು ಪ್ರಕಟಿಸಿದ. ಅದು ಬಿರುಗಾಳಿಯ ವಯಸ್ಸೆಂದು ವಾದಿಸಿದ. 1909-10ರ ಹೊತ್ತಿಗೆ ಕೊಲಂಬಸ್, ಬರ್ಕ್ಲಿ ಪಟ್ಟಣಗಳಲ್ಲಿ ಈ ವಯಸ್ಸಿನವರಿಗೆಂದೇ ಜೂನಿಯರ್ ಹೈಸ್ಕೂಲುಗಳು ಆರಂಭವಾದವು. ಬಿರುಗಾಳಿ ಎಲ್ಲರಿಗೂ ಒಂದೇ ರೀತಿ ಬೀಸುವುದಿಲ್ಲವೆಂದು ಮುಂದಿನವರು ಹಾಲ್‌ನನ್ನು ತಿದ್ದಿದರು. ಆದರೂ ಹನ್ನೆರಡರ ಮಗುವಿಗೆ ಬೇರೆ ಶಾಲೆ, ಬೇರೆ ಪಾಠಕ್ರಮ ಬೇಕೆಂಬ ಯೋಚನೆ ಅಲ್ಲಿ ಬೇರೂರಿತು. ನಮ್ಮಲ್ಲಿ ಮಿಡ್ಲ್ ಸ್ಕೂಲಿನ 'ಮಿಡ್ಲ್' ಎಂಬುದು ಎರಡು ಮೆಟ್ಟಿಲುಗಳ ನಡುವಣ ಒಂದು ಮೆಟ್ಟಿಲು ಮಾತ್ರ. ಮಗುವಿನ ವಯಸ್ಸಿಗೂ ಅದಕ್ಕೂ ಸಂಬಂಧ ಕಲ್ಪಿಸಿದವರು ವಿರಳ. ಶಿವರಾಮ ಕಾರಂತರು ಅಂಥ ವಿರಳರಲ್ಲಿ ಒಬ್ಬರು. ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಅವರು ಸಿದ್ಧಪಡಿಸಿದ್ದು, ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ನಡೆಸಿದ್ದು, ಪಠ್ಯಪುಸ್ತಕ ಒಪ್ಪಿಸುವುದಕ್ಕಿಂತ ಲೋಕವನ್ನು ಕುರಿತ ಕುತೂಹಲ ದೊಡ್ಡದೆಂಬ ನಂಬಿಕೆಯಿಂದ. ಏಕೆ, ಹೇಗೆ ಎಂದು ಪೀಡಿಸುವ ವಯಸ್ಸಿಗೆ ಕನ್ನಡದಲ್ಲಿ ಸಿಕ್ಕ ದೊಡ್ಡ ಉಡುಗೊರೆ ಅದು.

ಕಡ್ಡಾಯ ಶಿಕ್ಷಣದ ಮಾತೂ ಈ ವಯಸ್ಸನ್ನು ಬಹುಕಾಲ ಮುಟ್ಟಲಿಲ್ಲ. ಗೋಖಲೆಯವರು 1911ರಲ್ಲಿ ತಂದ ಮಸೂದೆ ಆರರಿಂದ ಹತ್ತು ವರ್ಷದ ಹುಡುಗರಿಗೆ ಸಂಬಂಧಿಸಿದ್ದು, ಅದೂ ಬಿದ್ದುಹೋಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ತಂದ ಶಾಸನ ದಿಟ್ಟವಾದದ್ದೇ, ಆದರೆ ಅದರ ಗುರಿ ಪ್ರಾರಂಭದ ಓದು ಬರಹ. ಹದಿನಾಲ್ಕು ಎಂಬ ಅಂಕಿಯನ್ನು ದೇಶದ ಮುಂದೆ ಗಟ್ಟಿಯಾಗಿ ಇಟ್ಟದ್ದು 1937ರ ವಾರ್ಧಾ ಸಮ್ಮೇಳನ. ಗಾಂಧೀಜಿಯವರ ಪ್ರೇರಣೆ, ಜಾಕಿರ್ ಹುಸೇನರ ಸಮಿತಿಯ ವರದಿ: ಏಳರಿಂದ ಹದಿನಾಲ್ಕರವರೆಗೆ ಏಳು ವರ್ಷ, ಮಾತೃಭಾಷೆಯಲ್ಲಿ, ಒಂದು ಕೈಕಸುಬಿನ ಸುತ್ತ. ನಿಮ್ಮಲ್ಲಿ ಹಿರಿಯರಾದವರಿಗೆ ತಕಲಿಯ ಪಿರಿಯಡ್ಡು ನೆನಪಿರಬಹುದು. ನೂಲು ಹರಿದು ಹರಿದು ಬೀಳುತ್ತಿತ್ತು, ಮೇಷ್ಟರೂ ನೂಲಲು ಬಲ್ಲವರಾಗಿರಲಿಲ್ಲ, ಕೊನೆಗೆ ತಕಲಿ ಬುಗುರಿಯಾಯಿತು. ನಗುವುದು ಸುಲಭ. ಕೈಗೆ ಕೆಲಸವಿಲ್ಲದೆ ಐದು ಗಂಟೆ ಒಂದೇ ಬೆಂಚಿನ ಮೇಲೆ ಕೂರುವುದು ಹನ್ನೆರಡರ ಹುಡುಗನಿಗೆ ಎಂಥ ಸೆರೆ ಎಂಬುದನ್ನು ಆ ಯೋಜನೆ ಕಂಡುಕೊಂಡಿತ್ತು. ಹೊಲಕ್ಕೂ ಶಾಲೆಗೂ ನಡುವಣ ಹಳೆಯ ಜಗ್ಗಾಟಕ್ಕೆ ಅದು ಒಂದು ಬಗೆಯ ರಾಜಿಯನ್ನು ಸೂಚಿಸಿತ್ತು. ಅದನ್ನು ನಡೆಸಬಲ್ಲ ಉಪಾಧ್ಯಾಯರನ್ನು ನಾವು ತಯಾರು ಮಾಡಲಿಲ್ಲ.

ಸಂವಿಧಾನ ಹದಿನಾಲ್ಕರ ಗಡಿಯನ್ನೇ ಒಪ್ಪಿತು, ಹತ್ತು ವರ್ಷದೊಳಗೆ, ಅಂದರೆ 1960ರ ಹೊತ್ತಿಗೆ, ಎಲ್ಲ ಮಕ್ಕಳಿಗೂ ಕಡ್ಡಾಯ ಶಿಕ್ಷಣ ದೊರೆಯಬೇಕೆಂದು ಹೇಳಿತು. ಆ ಗಡುವು ಏನಾಯಿತೆಂಬುದು ನಿಮಗೆ ತಿಳಿದದ್ದೇ. 1956ರಲ್ಲಿ ಕನ್ನಡ ನಾಡು ಒಂದಾದಾಗ ಮುಲ್ಕಿ, ಎಲ್.ಎಸ್., ಫಾರಂ, ಉರ್ದು ಮಿಡ್ಲ್ ಎಲ್ಲವನ್ನೂ ಒಂದೇ ಮೂಸೆಗೆ ಹಾಕಬೇಕಾಯಿತು. ಕೊನೆಗೆ ನಿಂತದ್ದು ಏಳು ವರ್ಷದ ಪ್ರಾಥಮಿಕ, ಮೂರು ವರ್ಷದ ಪ್ರೌಢಶಾಲೆ ಎಂಬ ವ್ಯವಸ್ಥೆ. ಏಳನೆಯದರ ಕೊನೆಗೆ ಪಬ್ಲಿಕ್ ಪರೀಕ್ಷೆ. ಮುಲ್ಕಿ ಹೋಯಿತು, ಅದರ ಜಾಗ ಹೋಗಲಿಲ್ಲ.

'ಪ್ರೌಢ' ಎಂಬ ಮಾತನ್ನು ಒಂದು ಕ್ಷಣ ಕೇಳಿಸಿಕೊಳ್ಳಿ. ಹದಿಮೂರು ತುಂಬಿದ ಹುಡುಗ ಎಂಟನೆಯ ತರಗತಿಗೆ ಕಾಲಿಟ್ಟರೆ ಪ್ರೌಢಶಾಲೆ ಸೇರಿದ ಎನ್ನುತ್ತೇವೆ, ಮನೆಯವರಿಗೆ ಹೆಮ್ಮೆ. ಅದೇ ವಯಸ್ಸಿನ ಹುಡುಗಿ ಪ್ರೌಢೆಯಾದಳು ಎಂದರೆ ಅರ್ಥ ಬೇರೆ. ಒಂದೇ ಶಬ್ದ ಒಬ್ಬನನ್ನು ಶಾಲೆಯ ಒಳಗೆ ಕರೆಯಿತು, ಇನ್ನೊಬ್ಬಳನ್ನು ಮನೆಯ ಒಳಗೆ ಕರೆಯಿತು. ನಾನು ಪಾಠ ಹೇಳಿದ ಒಂದು ಊರಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಹದಿನೈದು ದಿನ ಬರಲಿಲ್ಲ. ಲೆಕ್ಕದಲ್ಲಿ ಬಹಳ ಚುರುಕು. ವಿಚಾರಿಸಿದಾಗ ಅವಳ ಜೊತೆಗಾರ್ತಿ ತಲೆ ತಗ್ಗಿಸಿ "ಅವಳು ದೊಡ್ಡವಳಾದಳು ಸಾರ್" ಎಂದಳು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ನಾನು ಅವರಿಗೆ ಏನೂ ಹೇಳಲಿಲ್ಲ. ಹೇಳಲು ನನಗೆ ಯಾವ ತರಬೇತಿಯಲ್ಲೂ ಯಾರೂ ಕಲಿಸಿರಲಿಲ್ಲ. ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗಲೂ ನಮ್ಮ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ: ಇದನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ. ಆ ಹುಡುಗಿ ಮತ್ತೆ ಬರಲಿಲ್ಲ. ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನು ನಾನೇ.

ಈಚಿನ ಬದಲಾವಣೆಗಳನ್ನು ಚುಟುಕಾಗಿ ಹೇಳುತ್ತೇನೆ, ನೀವೇ ಕಂಡವು. 2006-07ರಿಂದ ಎಂಟನೆಯ ತರಗತಿಯ ಹುಡುಗಿಯರಿಗೆ ಸರ್ಕಾರ ಸೈಕಲ್ಲು ಕೊಡತೊಡಗಿದಾಗ ಬೆಳಗಿನ ರಸ್ತೆಗಳ ಚಿತ್ರವೇ ಬದಲಾಯಿತು. ಊರಿಂದ ಪ್ರೌಢಶಾಲೆಗೆ ಇದ್ದ ನಾಲ್ಕೈದು ಕಿಲೋಮೀಟರು, ಎಷ್ಟೋ ಭಾಷಣಗಳಿಂದ ಕರಗದಿದ್ದುದು, ಎರಡು ಚಕ್ರಗಳಿಂದ ಕರಗಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿಯವರೆಗಿನ ಓದನ್ನು ಹಕ್ಕಾಗಿಸಿತು, ಬೆತ್ತವನ್ನು ನಿಷೇಧಿಸಿತು. ಕೋದಂಡದಿಂದ ಇಲ್ಲಿಗೆ 187 ವರ್ಷ. ಅದೇ 2010ರಲ್ಲಿ ಶಿಕ್ಷಕರ ಅರ್ಹತೆಯನ್ನು ಗೊತ್ತುಪಡಿಸುವಾಗ ಒಂದರಿಂದ ಐದಕ್ಕೆ ಬೇರೆ, ಆರರಿಂದ ಎಂಟಕ್ಕೆ ಬೇರೆ ಎಂದು ರಾಷ್ಟ್ರಮಟ್ಟದಲ್ಲಿ ವಿಂಗಡಿಸಿದರು. ಕರ್ನಾಟಕದಲ್ಲೂ ಆರರಿಂದ ಎಂಟರವರೆಗೆ ಕಲಿಸಲು ಪದವೀಧರ ಶಿಕ್ಷಕರ ನೇಮಕ ಆರಂಭವಾಯಿತು. ಈ ವಯಸ್ಸಿಗೆ ಬೇರೆಯದೇ ಆದ ಉಪಾಧ್ಯಾಯರು ಬೇಕೆಂದು ಸರ್ಕಾರದ ಕಾಗದದಲ್ಲಿ ಬರೆದದ್ದು ಅಷ್ಟು ತಡವಾಗಿ. ಅವರ ತರಬೇತಿಯಲ್ಲಿ ಆ ಹಿಂದಿನ ಬೆಂಚಿನ ನಗುವಿಗೆ ಏನು ಹೇಳಬೇಕೆಂಬ ಪಾಠ ಇದ್ದರೆ ಒಳ್ಳೆಯದು.

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ನಿಮ್ಮೂರಿನ ಶಾಲೆ ಹಳೆಯದಾಗಿದ್ದರೆ ಬಿಡುವು ಮಾಡಿಕೊಂಡು ಮುಖ್ಯೋಪಾಧ್ಯಾಯರನ್ನು ಕೇಳಿ, ದಾಖಲಾತಿ ರಿಜಿಸ್ಟರನ್ನು ನೋಡಿ. ದಪ್ಪ ರಟ್ಟಿನ, ಗೆದ್ದಲು ಬಿಟ್ಟುಳಿದ ಪುಸ್ತಕ ಅದು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಇವನ್ನು ದಾಟಿ ಬಲಗಡೆಯ ಅಂಚಿಗೆ ಬನ್ನಿ. ಅಲ್ಲಿ ಶಾಲೆ ಬಿಟ್ಟ ದಿನಾಂಕವೂ ಬಿಟ್ಟ ಕಾರಣವೂ ಇರುತ್ತವೆ. ಗಂಡುಮಕ್ಕಳ ಸಾಲಿನಲ್ಲಿ ಕೆಲವರಿಗೆ ಪಾಸು, ಹಲವರಿಗೆ ಮನೆಗೆಲಸ, ಕೆಲವರಿಗೆ ಊರು ಬಿಟ್ಟಿದ್ದಾರೆ. ಹೆಣ್ಣುಮಕ್ಕಳ ಸಾಲಿನಲ್ಲಿ ಎಷ್ಟೋ ಕಡೆ ಆ ಮನೆ ಖಾಲಿ ಇರುತ್ತದೆ. ದಿನಾಂಕ ಮಾತ್ರ ಇರುತ್ತದೆ. ಹುಟ್ಟಿದ ದಿನಾಂಕವನ್ನು ಅದರಿಂದ ಕಳೆದು ನೋಡಿ. ಹನ್ನೆರಡು ಬರುತ್ತದೆ, ಇಲ್ಲವೇ ಹದಿಮೂರು.